ಕಟ್ಟಿಹಾಕಿದ ದೋಣಿ ಸವೆಯುವುದೇಕೆ? ಕೆಲವು ಟಿಪ್ಪಣಿಗಳು

ಓಡಾಡದ ದೋಣಿ
ಮರೀನಾದಲ್ಲಿ ತಿಂಗಳುಗಟ್ಟಲೆ ಕಟ್ಟಿಹಾಕಿದ ದೋಣಿಯನ್ನು ಮೇಲೆತ್ತಿದಾಗ ಪ್ರೊಪೆಲ್ಲರಿನ ಅಂಚು ತೂತುತೂತಾಗಿರುವುದುಂಟು. ಹಿತ್ತಾಳೆಯ ಸ್ಕ್ರೂಗಳು ಗುಲಾಬಿ ಬಣ್ಣಕ್ಕೆ ತಿರುಗಿರುತ್ತವೆ; ಒಳಗಿನ ಸತುವೆಲ್ಲ ಹೋಗಿ ಬರಿಯ ತಾಮ್ರದ ಜಾಳು ಉಳಿದಿರುತ್ತದೆ. ತಿರುಗದ ಪ್ರೊಪೆಲ್ಲರನ್ನು ತಿಂದದ್ದು ಯಾರು?

ಕಂದು ಕಾಗದ
1761ರಲ್ಲಿ ಬ್ರಿಟಿಷ್ ನೌಕಾಪಡೆ ‘ಅಲಾರ್ಮ್’ ಎಂಬ ಹಡಗಿನ ಮರದ ತಳಕ್ಕೆ ತಾಮ್ರದ ತಗಡು ಹೊದಿಸಿತು. ಮರ ಕೊರೆಯುವ ಹುಳುವನ್ನು ತಡೆಯುವುದು ಉದ್ದೇಶ. ವೆಸ್ಟ್ ಇಂಡೀಸ್‌ಗೆ ಹೋಗಿ ಬಂದ ಹಡಗನ್ನು 1763ರಲ್ಲಿ ಪರೀಕ್ಷಿಸಿದರೆ ತಗಡನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ತುಕ್ಕಾಗಿ ಕರಗಿದ್ದವು. ತಗಡಿಗೂ ಮೊಳೆಗೂ ನಡುವೆ ಕಂದು ಕಾಗದದ ಚೂರು ಸಿಕ್ಕಿಕೊಂಡಿದ್ದ ಕಡೆ ಮಾತ್ರ ಮೊಳೆ ಗಟ್ಟಿಯಾಗಿತ್ತು. ವಿಜ್ಞಾನಿ ವೋಲ್ಟಾ ತನ್ನ ಬ್ಯಾಟರಿಯನ್ನು ಲೋಕಕ್ಕೆ ತಿಳಿಸಿದ್ದು 1800ರಲ್ಲಿ. ಉತ್ತರ ಅದಕ್ಕೂ ಮೊದಲೇ ಒಂದು ಕಾಗದದ ಚೂರಿನಲ್ಲಿತ್ತು: ಎರಡು ಲೋಹಗಳು ಮುಟ್ಟಬಾರದು.

ಯಾರು ಸವೆಯಬೇಕು?
ಉಪ್ಪುನೀರಿನಲ್ಲಿ ಪ್ರತಿ ಲೋಹಕ್ಕೂ ತನ್ನದೇ ವೋಲ್ಟೇಜ್ ಇದೆ. ಬೆಳ್ಳಿಯ ಮಾಪಕ ಇಳಿಬಿಟ್ಟು ಅಳೆದರೆ ಸತು ಸುಮಾರು −1 ವೋಲ್ಟ್, ಉಕ್ಕು −0.6, ಕಂಚು −0.3. ಇವುಗಳಲ್ಲಿ ಎರಡನ್ನು ತಂತಿಯಿಂದ ಜೋಡಿಸಿದರೆ ವೋಲ್ಟೇಜ್ ಕೆಳಗಿರುವುದು ಕರಗುತ್ತದೆ, ಮೇಲಿರುವುದು ಉಳಿಯುತ್ತದೆ. ಸವೆತವನ್ನು ಇಲ್ಲವಾಗಿಸುವುದು ಕಷ್ಟ. ಆದರೆ ಯಾವುದು ಸವೆಯಬೇಕೆಂದು ನಿರ್ಧರಿಸಬಹುದು. ಅದಕ್ಕಾಗಿಯೇ ದೋಣಿಯ ತಳದಲ್ಲಿ ಸತುವಿನ ಆನೋಡ್ ಕೂರಿಸುತ್ತಾರೆ. ಅದು ಅರ್ಧ ಕರಗಿದಾಗ ಬದಲಿಸಬೇಕು. ಅದಕ್ಕೆ ಬಣ್ಣ ಬಳಿದರೆ ಅದರ ಕೆಲಸವೇ ನಿಂತುಹೋಗುತ್ತದೆ.

ಡೇವಿಯ ಗೆಲುವು, ಡೇವಿಯ ಸೋಲು
1824ರಲ್ಲಿ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಹಡಗುಗಳ ತಾಮ್ರಕ್ಕೆ ಕಬ್ಬಿಣದ ತುಂಡುಗಳನ್ನು ಜೋಡಿಸಿ ಅದು ಸವೆಯದಂತೆ ಮಾಡಿದ. ಲೆಕ್ಕವೇನೋ ಸರಿಯಾಯಿತು. ಆದರೆ ಕರಗುತ್ತಿದ್ದ ತಾಮ್ರವೇ ಚಿಪ್ಪುಜೀವಿಗಳನ್ನೂ ಪಾಚಿಯನ್ನೂ ದೂರ ಇಟ್ಟಿತ್ತು. ತಾಮ್ರ ಕರಗುವುದು ನಿಂತೊಡನೆ ಅವು ತಳಕ್ಕೆ ದಟ್ಟವಾಗಿ ಹತ್ತಿಕೊಂಡು ಹಡಗುಗಳು ನಿಧಾನವಾದವು. ನೌಕಾಪಡೆ ಈ ಉಪಾಯವನ್ನು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಒಂದನ್ನು ಕಾಯುವಾಗ ಇನ್ನೇನು ಹೋಗುತ್ತದೆ ಎಂಬ ಪ್ರಶ್ನೆಯನ್ನು ಎಂದೂ ಮರೆಯಬಾರದು.

ಹಸಿರು ತಂತಿ
ನನ್ನನ್ನು ಹೆಚ್ಚು ಕಾಡಿದ ಒಗಟು ಇದು. ದಡದಿಂದ ದೋಣಿಗೆ ಕರೆಂಟು ತರುವ ಕೇಬಲ್ಲಿನಲ್ಲಿ ಹಸಿರು ಬಣ್ಣದ ಅರ್ಥ್ ತಂತಿಯೂ ಇರುತ್ತದೆ. ಎಲ್ಲ ದೋಣಿಗಳ ಅರ್ಥ್ ದಡದ ಮೇಲೆ ಒಂದೇ ಕಡೆ ಸೇರುತ್ತದೆ. ಪ್ಲಗ್ ಹಾಕಿದ ಕ್ಷಣದಿಂದ ನನ್ನ ಸತುವೂ ಪಕ್ಕದ ದೋಣಿಯ ಕಂಚೂ ಒಂದೇ ಬ್ಯಾಟರಿಯ ಎರಡು ಭಾಗಗಳು. ಅವರ ಆನೋಡ್ ಮುಗಿದಿದ್ದರೆ ನನ್ನದು ಅವರ ಪ್ರೊಪೆಲ್ಲರನ್ನೂ ಕಾಯುತ್ತದೆ, ಇಬ್ಬರಿಗೂ ತಿಳಿಯದಂತೆ.

ಹಾಗಾದರೆ ಅರ್ಥ್ ತಂತಿಯನ್ನು ಕತ್ತರಿಸಿದರೆ ಆಗದೆ? ಈ ಸವೆತ ನಿಲ್ಲುತ್ತದೆ. ಆದರೆ ದೋಣಿಯೊಳಗೆ ವೈರ್ ಕೆಟ್ಟ ದಿನ ಲೋಹದ ಭಾಗ ಮುಟ್ಟಿದವರ ಪ್ರಾಣ ಹೋಗಬಹುದು. ಕೂಡದು, ಎಂದಿಗೂ ಕೂಡದು. ಇದಕ್ಕೆ ದಾರಿ ಗ್ಯಾಲ್ವನಿಕ್ ಐಸೊಲೇಟರ್. ಅದರೊಳಗಿನ ಡಯೋಡುಗಳು ಸುಮಾರು 1.2 ವೋಲ್ಟ್‌ವರೆಗಿನದನ್ನು ತಡೆದು, ಅಪಾಯದ ದೊಡ್ಡ ಕರೆಂಟನ್ನು ಅರ್ಥ್‌ಗೆ ಬಿಡುತ್ತವೆ. ಇನ್ನೂ ಒಳ್ಳೆಯದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್: ದಡಕ್ಕೂ ದೋಣಿಗೂ ನಡುವೆ ಲೋಹದ ಸಂಪರ್ಕವೇ ಇಲ್ಲ, ಶಕ್ತಿ ಕಾಂತಕ್ಷೇತ್ರದ ಮೂಲಕ ದಾಟುತ್ತದೆ.

ಅಡ್ಡದಾರಿ ಹಿಡಿದ ಕರೆಂಟು
ಲೋಹಗಳ ನಡುವಿನ ಸವೆತ ನಿಧಾನದ್ದು. ಬ್ಯಾಟರಿಯಿಂದ ಸೋರುವ ಡಿಸಿ ಕರೆಂಟಿನದು ಬಲು ಬೇಗ. ದೋಣಿಯ ಒಳತಳದಲ್ಲಿ ನಿಂತ ನೀರಿಗೆ ಪಂಪಿನ ವೈರಿನ ಹರಿದ ತುದಿ ತಾಗಿದರೂ ಸಾಕು. ಒಂದು ಆಂಪಿಯರ್ ಒಂದೇ ಸಮನೆ ಹರಿದರೆ ವರ್ಷಕ್ಕೆ ಸುಮಾರು 9 ಕಿಲೋ ಕಬ್ಬಿಣವನ್ನು ಕರಗಿಸಬಲ್ಲದು. ಇಂಥದ್ದನ್ನು ಆನೋಡ್ ತಡೆಯಲಾರದು; ವೈರನ್ನೇ ಸರಿಪಡಿಸಬೇಕು.

ಸಿಹಿನೀರಿನ ಅಪಾಯ
ಎಸಿ ಕರೆಂಟು ನೀರಿಗೆ ಸೋರಿದರೆ ಲೋಹಕ್ಕಿಂತ ಮನುಷ್ಯನಿಗೆ ಭಯ ಹೆಚ್ಚು. ಸಿಹಿನೀರಿಗಿಂತ ನಮ್ಮ ದೇಹದಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಈಜುವವರ ಕೈಕಾಲು ಮರಗಟ್ಟುತ್ತವೆ, ಅವರು ಮುಳುಗುತ್ತಾರೆ. ನೋಡುವವರಿಗೆ ಕಾರಣವೇ ಕಾಣುವುದಿಲ್ಲ. 30 ಮಿಲಿಆಂಪಿಯರ್ ಸೋರಿದರೂ ಕರೆಂಟು ಕಡಿಯುವ ಬ್ರೇಕರ್ ಬೇಕು. ಅದಿದ್ದರೂ ಕರೆಂಟು ಇರುವ ಜೆಟ್ಟಿಯ ಬಳಿ ಮಕ್ಕಳನ್ನು ನೀರಿಗಿಳಿಸಬಾರದು.

ಉಳಿದ ಪ್ರಶ್ನೆ
ಒಂದು ಜೆಟ್ಟಿಯಲ್ಲಿ ಹತ್ತಾರು ದೋಣಿಗಳಿದ್ದು, ಅರ್ಥ್ ಒಂದೇ ಆದಮೇಲೆ ನನ್ನ ದೋಣಿಯ ದುರಸ್ತಿ ನನ್ನೊಬ್ಬನದೇ ಹೇಗಾದೀತು? ಒಬ್ಬರ ಹಳೆಯ ವೈರು ಇನ್ನೊಬ್ಬರ ತಳವನ್ನು ತೂತು ಮಾಡಬಲ್ಲದು, ಈಜುತ್ತಿರುವ ಮಗುವಿನ ಜೀವಕ್ಕೇ ಎರವಾಗಬಲ್ಲದು. ತನ್ನ ಆನೋಡನ್ನೂ ವೈರನ್ನೂ ನೋಡಿಕೊಳ್ಳುವುದು ಆಸ್ತಿ ರಕ್ಷಣೆಯಷ್ಟೇ ಅಲ್ಲ, ನೆರೆಹೊರೆಯವರಿಗೆ ಸಲ್ಲಬೇಕಾದ ಕರ್ತವ್ಯ ಎಂದೇ ನಾನು ನಂಬುತ್ತೇನೆ.