ಎರಡನೆಯ ಸೊನ್ನೆ

ಮೇಷ್ಟ್ರಾಗಿದ್ದ ಕಾಲದಲ್ಲಿ ನಾನು ಹಂಚಿದ ಸೊನ್ನೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲೊಂದು ಮಾತ್ರ ಇಂದಿಗೂ ಬೆನ್ನು ಬಿಟ್ಟಿಲ್ಲ.

ಪರೀಕ್ಷೆಗೆಂದು ಒಂದು ಪ್ರಶ್ನೆ ಹೊಸೆದಿದ್ದೆ: ಮೂರು ಅಡ್ಡಸಾಲು, ಮೂರು ಕಂಬಸಾಲುಗಳುಳ್ಳ, ಎರಡೇ ಎರಡು ಸೊನ್ನೆಗಳಿರುವ ಲಂಬ ಮಾತೃಕೆಯೊಂದನ್ನು ಬರೆಯಿರಿ. ಹೆಸರಿಗೆ ಹೆದರಬೇಕಾಗಿಲ್ಲ. ಚೌಕಾಬಾರದ ಹಾಸಿನಂತೆ ಒಂಬತ್ತು ಮನೆ, ಮನೆಗೊಂದು ಸಂಖ್ಯೆ. ಪ್ರತಿ ಅಡ್ಡಸಾಲಿನ ಸಂಖ್ಯೆಗಳ ವರ್ಗಗಳನ್ನು ಕೂಡಿದರೆ ಒಂದು ಬರಬೇಕು. ಯಾವ ಎರಡು ಅಡ್ಡಸಾಲುಗಳನ್ನಾದರೂ ಮನೆಗೆ ಮನೆ ಗುಣಿಸಿ ಕೂಡಿದರೆ ಸೊನ್ನೆ ಬರಬೇಕು. ಇಷ್ಟೆ.

ಒಬ್ಬ ಹುಡುಗ 'ಸಾಧ್ಯವಿಲ್ಲ' ಎಂದು ಒಂದೇ ಮಾತು ಬರೆದಿದ್ದ. ಕಾರಣ ಕೊಟ್ಟಿರಲಿಲ್ಲ. ಉದ್ಧಟತನವೆಂದು ಬಗೆದು ಕೆಂಪು ಮಸಿಯಲ್ಲಿ ದೊಡ್ಡ ಸೊನ್ನೆ ಸುತ್ತಿದೆ. ಏನೇನೋ ಗೀಚಿದವರಿಗೆ ಪ್ರಯತ್ನಕ್ಕೆಂದು ಒಂದೆರಡು ಅಂಕ ದಯಪಾಲಿಸಿದೆ!

ನಿವೃತ್ತನಾದ ಮೇಲೆ, ಮಳೆ ಹಿಡಿದ ಒಂದು ಮಧ್ಯಾಹ್ನ, ನಾನೇ ಉತ್ತರ ಬರೆಯಲು ಕುಳಿತೆ. ಒಂದು ಸೊನ್ನೆ ಸಲೀಸಾಗಿ ಬಂತು. ೧೫, -೧೨, ೧೬ ಮೊದಲ ಸಾಲು. ೨೦, ೯, -೧೨ ಎರಡನೆಯದು. ೦, ೨೦, ೧೫ ಮೂರನೆಯದು. ಎಲ್ಲವನ್ನೂ ೨೫ರಿಂದ ಭಾಗಿಸಿ. ಬೇಕಾದರೆ ತಾಳೆ ನೋಡಿ. ಎರಡನೆಯ ಸೊನ್ನೆ ಮಾತ್ರ ಕೂರಲೊಲ್ಲದು. ಅದೇ ಅಡ್ಡಸಾಲಿನಲ್ಲಿಟ್ಟರೆ ಉಳಿದ ಮನೆಯಲ್ಲಿ ೧ ಅಥವಾ -೧ ಕುಳಿತು, ತನ್ನ ಕಂಬಸಾಲಿನ ಮಿಕ್ಕಿಬ್ಬರನ್ನೂ ಸೊನ್ನೆ ಮಾಡಿಬಿಡುತ್ತದೆ, ಎರಡಿದ್ದದ್ದು ನಾಲ್ಕಾಯಿತು. ಒಂದೇ ಕಂಬಸಾಲಿನಲ್ಲಿಟ್ಟರೂ ಅದೇ ಪಾಡು. ಸಾಲೂ ಬೇರೆ, ಕಂಬವೂ ಬೇರೆ ಮಾಡಿದರೆ, ಆ ಎರಡು ಸಾಲುಗಳ ತುಂಬಿದ ಮನೆಗಳು ಒಂದೇ ಒಂದು ಕಡೆ ಎದುರಾಗುತ್ತವೆ. ಅಲ್ಲಿ ಹುಟ್ಟಿದ ಗುಣಲಬ್ಧವನ್ನು ಅಳಿಸಲು ಜೊತೆಗಾರನಿಲ್ಲ. ಸೊನ್ನೆಯೇ ಇಲ್ಲದಿರಬಹುದು; ಇದ್ದರೆ ಒಂದು, ನಾಲ್ಕು, ಇಲ್ಲವೆ ಆರು. ಸಂಕೀರ್ಣ ಸಂಖ್ಯೆಗಳನ್ನು ಕರೆತಂದು ಯುನಿಟರಿ ಮಾತೃಕೆ ಕಟ್ಟಿದರೂ ಈ ಕಟ್ಟಳೆ ಸಡಿಲುವುದಿಲ್ಲ.

ನನ್ನ ಮಾತೃಕೆಯಲ್ಲಿ ವರ್ಗಮೂಲದ ಕಾಟವಿಲ್ಲ, ಬರೀ ಭಿನ್ನರಾಶಿ. ೩, ೪, ೫ರ ಹಳೆಯ ತ್ರಿಭುಜದ ಕೃಪೆ. ಹಾಗಾದರೆ ವಾಸ್ತವ ಸಂಖ್ಯೆಗಳ ಲಂಬ ಮಾತೃಕೆಯಲ್ಲಿ ಸೊನ್ನೆಗಳು ಹೇಗೆಲ್ಲ ಕೂರಬಲ್ಲವೋ, ಭಿನ್ನರಾಶಿಗಳ ಮಾತೃಕೆಯಲ್ಲೂ ಹಾಗೆಲ್ಲ ಕೂರಬಲ್ಲವೆ? ಬಲ್ಲವೆಂದು ಜೋಕೊವಿಚ್, ಸೆವೆರಿನಿ, ಸೊಲ್ಲೋಷಿ ಎಂಬ ಮೂವರು ೨೦೦೯ರಲ್ಲಿ ಪ್ರಕಟವಾದ ಲೇಖನದಲ್ಲಿ ಊಹಿಸಿ, ಐದು ಸಾಲಿನ ಮಾತೃಕೆಗಳವರೆಗೆ ಸಾಧಿಸಿಯೂ ತೋರಿಸಿದರು. ಅದರಾಚೆಯದನ್ನು ಊಹೆಯೆಂದೇ ಕರೆದರು. ನಾನೋ, ಮೂರು ಸಾಲನ್ನೂ ಬರೆದು ನೋಡದೆ ಪ್ರಶ್ನೆ ಕೇಳಿದವನು.

ಹುಡುಗನ ಹೆಸರು ಮರೆತಿದೆ. ಕಿಟಕಿಯ ಪಕ್ಕ ಕೂರುತ್ತಿದ್ದ. ಉತ್ತರಪತ್ರಿಕೆ ಕೈಗೆ ಬಂದಾಗ ಆ ಕೆಂಪು ಸೊನ್ನೆಯನ್ನು ಸ್ವಲ್ಪ ಹೊತ್ತು ನೋಡಿದ. ಏನೂ ಕೇಳದೆ, ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡ.