ಹೆಸರಿಗೂ ಹೆಸರುಕಾಳಿಗೂ

ರಾಮನವಮಿಯ ಹಿಂದಿನ ಸಂಜೆ ದಿನಸಿ ಅಂಗಡಿಯಲ್ಲಿ ಚೀಟಿ ಹಿಡಿದು ನಿಂತಿದ್ದೆ. ಪಾನಕಕ್ಕೆ ಬೆಲ್ಲ, ಏಲಕ್ಕಿ, ಒಣಶುಂಠಿ ಆಗಿತ್ತು. ಕಂಪ್ಯೂಟರ್ ಮುಂದೆ ಕೂತಿದ್ದ ಹೊಸ ಹುಡುಗ ತಲೆ ಎತ್ತದೆಯೇ ಕೇಳಿದ: "ಹೆಸರು, ಸಾರ್?"

"ಅರ್ಧ ಕೆಜಿ," ಎಂದೆ.

ಹುಡುಗ ತಲೆ ಎತ್ತಿದ. ನನ್ನ ಹಿಂದೆ ನಿಂತಿದ್ದ ಹೆಂಗಸೊಬ್ಬರು ಸೆರಗು ಬಾಯಿಗೆ ಅಡ್ಡ ಹಿಡಿದರು. ಅವನಿಗೆ ಬಿಲ್ಲಿನಲ್ಲಿ ಹಾಕಲು ನನ್ನ ಹೆಸರು ಬೇಕಿತ್ತು. ನನಗೆ ಕೋಸಂಬರಿಗೆ ಹೆಸರುಬೇಳೆ ಬೇಕಿತ್ತು. ಎಲ್ಲರೂ ನಕ್ಕೆವು. ಹೆಸರು ಹೇಳಿ, ದುಡ್ಡು ಕೊಟ್ಟು, ಚೀಲ ಎತ್ತಿಕೊಂಡು ಹೊರಟೆ. ಅರವತ್ತು ವರ್ಷ ಈ ಭಾಷೆಯಲ್ಲೇ ಉಂಡು ಮಲಗಿದವನಿಗೆ ಈ ತೊಡಕು ಅದುವರೆಗೆ ಹೊಳೆದಿರಲೇ ಇಲ್ಲ. ದಾರಿಯುದ್ದಕ್ಕೂ ಅದೇ ಯೋಚನೆ.

ಅಕ್ಕಪಕ್ಕದ ಮನೆಯವರು ಇದರಲ್ಲಿ ಜಾಣರು. ತಮಿಳರಿಗೆ ಮನುಷ್ಯನದು ಪೆಯರ್, ಕಾಳಿನದು ಪಯರು. ತೆಲುಗರಿಗೆ ಪೇರು ಬೇರೆ, ಪೆಸಲು ಬೇರೆ. ಅವರು ಬೆಳಗಾಗೆದ್ದು ಪೆಸರಟ್ಟು ಹುಯ್ದರೆ ಯಾರ ಹೆಸರೂ ಕೆಡುವುದಿಲ್ಲ. ನಮ್ಮಲ್ಲಿ ಮಾತ್ರ ಎರಡೂ ಹಳಗನ್ನಡದಲ್ಲೇ ಪೆಸರ್ ಆಗಿ, ಆಮೇಲೆ ಪಕಾರ ಹಕಾರವಾದಾಗ ಜೊತೆಜೊತೆಯಾಗಿಯೇ ಹೆಸರಾದವು. ಒಂದೇ ಛತ್ರದಲ್ಲಿ ಎರಡು ಮದುವೆ ನಡೆದು, ಇಬ್ಬರು ವೆಂಕಟೇಶರ ಚಪ್ಪಲಿ ಅದಲುಬದಲಾದ ಹಾಗೆ. ಹೆಸರು ಒಂದೇ, ಗೋತ್ರ ಬೇರೆ.

ಕೆಲವು ಜೋಡಿಗಳು ಹುಟ್ಟುವಾಗ ಹೀಗಿರಲಿಲ್ಲ. ನೂರು ಕಾಲ ಬಾಳಿ ಎಂದು ಅಕ್ಷತೆ ಹಾಕುತ್ತೇವಲ್ಲ, ಆ ಬಾಳು ಹಳಗನ್ನಡದಲ್ಲಿ ಬಾೞ್. ಯೋಧನ ಸೊಂಟದ ಕತ್ತಿ ಬಾಳ್. ಒಂದಕ್ಕೆ ನಾಲಿಗೆ ಮಡಿಚುವ ಬಗೆಯೇ ಬೇರೆ, ಇನ್ನೊಂದಕ್ಕೇ ಬೇರೆ. ಕಾಲ ಕಳೆದಂತೆ ೞ ಎಂಬ ಆ ಅಕ್ಷರ ನಮ್ಮ ನಾಲಿಗೆಯಿಂದ ಜಾರಿಹೋಗಿ ಬದುಕು, ಕತ್ತಿ ಎರಡೂ ಬಾಳಾದವು. (ಮದುವೆಯಾಗಿ ನಲವತ್ತು ವರ್ಷವಾದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ.) 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞ ಇರುವ ಪದಗಳನ್ನು ಹೆಕ್ಕಿ ಪಟ್ಟಿ ಮಾಡಿಟ್ಟ. ಪಟ್ಟಿ ಬೇಕಾಯಿತೆಂದರೆ ಜನ ಮರೆಯತೊಡಗಿದ್ದರೆಂದೇ ಅರ್ಥ. ನನ್ನ ಜೇಬಿನ ದಿನಸಿ ಚೀಟಿಯೂ ಅದೇ ಜಾತಿಯದು.

ನಮ್ಮಜ್ಜಿಗೆ ಕೇಶಿರಾಜ ಗೊತ್ತಿರಲಿಲ್ಲ, ಕಳೆ ಗೊತ್ತಿತ್ತು. ಹೊಲದಲ್ಲಿ ಕೀಳುವುದು ಕಳೆ, ಲೆಕ್ಕದಲ್ಲಿ ಮಗ್ಗುಲ ಮನೆಯಿಂದ ಸಾಲ ತಂದು ಮಾಡುವುದು ಕಳೆ, ಮದುಮಗಳ ಮುಖದಲ್ಲಿ ಇರಬೇಕಾದದ್ದೂ ಕಳೆ. ಈ ಕೊನೆಯದು ಸಂಸ್ಕೃತದ ಕಲಾ ಎಂಬುದರ ಮಗಳು, ಚಂದ್ರನ ಕಡೆಯ ನೆಂಟಸ್ತಿಕೆ. ಪರೀಕ್ಷೆಗೆ ನಿದ್ದೆಗೆಟ್ಟು ಓದುತ್ತಿದ್ದ ನಮ್ಮ ಚಿಕ್ಕಪ್ಪನನ್ನು ನೋಡಿ ಅಜ್ಜಿ, "ಏನೋ, ಮುಖದಲ್ಲಿ ಕಳೇನೇ ಇಲ್ಲವಲ್ಲೋ" ಎಂದರೆ, ಅವನು ಗಲ್ಲ ಸವರಿಕೊಂಡು, "ಬೆಳಗ್ಗೆ ತಾನೇ ಕಿತ್ತೆನಮ್ಮ" ಅನ್ನುತ್ತಿದ್ದ.

ಊರ ಹೆಸರುಗಳ ಮೋಸ ಇನ್ನೂ ಸೊಗಸು. ಮೊಮ್ಮಗನನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಗುಹೆಯ ಮೆಟ್ಟಿಲು ಹತ್ತುವಾಗಲೇ ಅವನ ಪ್ರಶ್ನೆ: "ತಾತ, ಬಾದಾಮಿ ಮರ ಎಲ್ಲಿ?" ಪಕ್ಕದಲ್ಲಿದ್ದ ಗೈಡ್ ನನಗೆ ಬಾಯಿ ತೆರೆಯಲು ಬಿಡಲಿಲ್ಲ. "ಮರ ಇಲ್ಲಪ್ಪಾ, ಈ ಕಲ್ಲಿಂದು ಬಾದಾಮಿ ಬಣ್ಣ ಐತಲ್ಲ, ಅದಕ್ಕ ಈ ಹೆಸರು" ಎಂದುಬಿಟ್ಟ. ಊರು ನಿಜವಾಗಿ ವಾತಾಪಿ. ಪುಲಕೇಶಿ ಅಲ್ಲಿ ಕೋಟೆ ಕಟ್ಟಿದ್ದು 543ರಲ್ಲಿ. ವಾತಾಪಿ ಜನರ ಬಾಯಲ್ಲಿ ಬಾದಾವಿಯಾಗಿ, ಬಾದಾಮಿಯಾಯಿತು. ಹಾಲಿಗೆ ಅರೆದು ಹಾಕುವ ಬಾದಾಮಿ ಪಾರಸಿಯ ಬಾದಾಮ್. ಇವೆರಡಕ್ಕೂ ಯಾವ ಕಡೆಯಿಂದಲೂ ಸಂಬಂಧವಿಲ್ಲ. ಇದನ್ನೆಲ್ಲ ಹುಡುಗನಿಗೆ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಸಂಜೆಯ ಬಿಸಿಲು ಎದುರಿನ ಮರಳುಗಲ್ಲ ಬಂಡೆಗೆ ಬಿತ್ತು. ಕೆಂಚುಗಂದು ಬಣ್ಣ, ಮೇಲಿಂದ ಕೆಳಕ್ಕೆ ಎಳೆಎಳೆಯಾಗಿ ಕಪ್ಪು ಗೆರೆ: ಥೇಟು ಬಾದಾಮಿಯ ಸಿಪ್ಪೆ. ಸುಳ್ಳಿಗೆ ಇಷ್ಟು ಒಳ್ಳೆಯ ಸಾಕ್ಷಿ ನಾನು ಬೇರೆಲ್ಲೂ ಕಂಡಿಲ್ಲ. ಹೇಳಲು ಹೊರಟದ್ದನ್ನು ನುಂಗಿಕೊಂಡೆ. ವಾತಾಪಿಯನ್ನು ಅರಗಿಸಿಕೊಂಡ ಅಗಸ್ತ್ಯರ ಕತೆ ಹೇಳಿದೆ, ಅಷ್ಟೇ. ಹಾಲು ಕುಡಿದ ಮಗುವಿನ ಹೊಟ್ಟೆ ಸವರುತ್ತ ಅವನಮ್ಮ ಹೇಳುತ್ತಿದ್ದ "ವಾತಾಪಿ ಜೀರ್ಣೋ ಭವ" ಇದೇ ಊರಿನ ಹೆಸರೆಂದು ತಿಳಿದು ಅವನು ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ. ನಂಟಿಲ್ಲದವರನ್ನು ನೆಂಟರೆಂದುಕೊಳ್ಳುವ ಈ ಚಟ ನನಗೂ ಇದೆ, ಬಿಡುವ ಮನಸ್ಸಿಲ್ಲ.

ಮಾವಿನ ಕಾಲದಲ್ಲಿ ಇನ್ನೊಂದು ಬಾದಾಮಿ ಬರುತ್ತದೆ. ಆಪೂಸಿಗೆ ನಮ್ಮ ಕಡೆ ಅದೇ ಹೆಸರು. ಅದರ ವಿಷಯ ತೆಗೆದರೆ ಪ್ರಬಂಧ ಮುಗಿಯುವುದಿಲ್ಲ, ಹಣ್ಣು ಮುಗಿಯುತ್ತದೆ.

ಇಷ್ಟೆಲ್ಲ ಯೋಚಿಸಿಕೊಂಡು ಮನೆ ಸೇರಿದಾಗ ದೀಪ ಹಚ್ಚಿದ್ದರು. ನನ್ನವಳು ಬೇಳೆ ನೆನೆಸಲು ಪಾತ್ರೆ ತೊಳೆದಿಟ್ಟುಕೊಂಡು ಕಾಯುತ್ತಿದ್ದಳು. ಚೀಲ ಬಿಚ್ಚಿ ಒಂದೊಂದೇ ಪೊಟ್ಟಣ ತೆಗೆದೆವು. ಬೆಲ್ಲ ಇತ್ತು, ಏಲಕ್ಕಿ ಇತ್ತು, ಒಣಶುಂಠಿ ಇತ್ತು. ಬಿಲ್ಲಿನ ತುದಿಯಲ್ಲಿ ನನ್ನ ಹೆಸರು ಒಂದು ಅಕ್ಷರವೂ ತಪ್ಪಿಲ್ಲದೆ ಇತ್ತು. ಹೆಸರುಬೇಳೆ ಇರಲಿಲ್ಲ.