ಆಗಸ್ಟ್ ತಿಂಗಳ ಆಟವನ್ನು ಎಷ್ಟು ನಂಬಬೇಕು?

ಫುಟ್‌ಬಾಲ್ ಎಂದ ಕೂಡಲೇ ಪುಟ ಮಗುಚಿ ಕೋಡುಬಳೆಯ ಕಡೆಗೆ ಹೋಗಿಬಿಡಬೇಡಿ, ಸ್ವಲ್ಪ ತಡೀರಿ. ನಾನೇನೂ ಆಟದ ಪಂಡಿತೆಯಲ್ಲ. ಅಕ್ಕನ ಮನೆಗೆಂದು ಅಮೆರಿಕಕ್ಕೆ ಹೋಗಿ, ಒಹಾಯೋ ರಾಜ್ಯದ ಸಿನ್ಸಿನಾಟಿಯ ಹತ್ತಿರ ನಾಲ್ಕು ತಿಂಗಳು ಇದ್ದು ಬಂದವಳು. ಅಲ್ಲಿ ಜುಲೈ ಮುಗಿಯಿತೆಂದರೆ ಗಂಡಸರ ಬಾಯಲ್ಲಿ, ಮಕ್ಕಳ ಬಾಯಲ್ಲಿ, ಕಡೆಗೆ ದೇವಸ್ಥಾನದ ಪ್ರಸಾದದ ಸಾಲಿನಲ್ಲೂ ಇದೇ ಮಾತು. ಈ ಹುಡುಗ ಈ ವರ್ಷ ಹೇಗೆ ಆಡ್ತಾನೆ? ತಾಲೀಮು ಪಂದ್ಯದಲ್ಲಿ ಹೀಗೆ ಆಡಿದ, ಆದ್ದರಿಂದ ಹೀಗಾಗ್ತಾನೆ. ಕೇಳಿ ಕೇಳಿ ನನಗೂ ಕುತೂಹಲ ಹತ್ತಿತು. ನಾವು ಹೆಂಗಸರು ದಿನಾ ಮಾಡುವ ಕೆಲಸವೇ ಅದು ಅಲ್ಲವೇ? ಒಂದು ತುತ್ತು ಬಾಯಿಗೆ ಹಾಕಿಕೊಂಡು ಇಡೀ ಪಾತ್ರೆಯ ಸಾರಿನ ಬಗ್ಗೆ ತೀರ್ಪು ಕೊಡುವವರು ನಾವು.

ಅಲ್ಲಿಯ ಫುಟ್‌ಬಾಲ್ ನಮ್ಮದಲ್ಲ. ಅದರಲ್ಲಿ ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಚೆಂಡು ಗುಂಡಗಿಲ್ಲ, ಸುಲಿದ ತೆಂಗಿನಕಾಯಿಯನ್ನು ಇಬ್ಬರು ಎರಡು ಕಡೆಯಿಂದ ಹಿಡಿದೆಳೆದ ಹಾಗೆ ತುದಿ ಎರಡೂ ಮೊನಚು. ಒಂದೊಂದು ಕಡೆಗೆ ಹನ್ನೊಂದು ಜನ. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ, ಹೋಗದಿದ್ದರೆ ಚೆಂಡು ಎದುರಿನವರ ಪಾಲು. ಎಸೆಯುವವನು ಕ್ವಾರ್ಟರ್‌ಬ್ಯಾಕ್. ಓಡಿ ಹೋಗಿ ಅದನ್ನು ಹಿಡಿಯುವವನು ರಿಸೀವರ್. ಅವನ ಬೆನ್ನಿಗೆ ನೆರಳಿನ ಹಾಗೆ ಎದುರಿನವನೊಬ್ಬ ಅಂಟಿಕೊಂಡಿರುತ್ತಾನೆ. ಹಿಡಿದುಕೊಂಡು ಆ ತುದಿಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಇಷ್ಟು ತಿಳಿದರೆ ನಮಗೆ ಸಾಕು.

ದೊಡ್ಡವರ ಆಟ ನಡೆಸುವ ಸಂಸ್ಥೆ ಎನ್‌ಎಫ್‌ಎಲ್. ಒಟ್ಟು 32 ತಂಡಗಳು. ಲೆಕ್ಕಕ್ಕೆ ಸೇರುವ ಪಂದ್ಯಗಳು ಶುರುವಾಗುವುದು ಸೆಪ್ಟೆಂಬರಿನಲ್ಲಿ, 2021ರಿಂದ ಒಂದೊಂದು ತಂಡಕ್ಕೆ 17. ಅದಕ್ಕೆ ಮೊದಲು ಆಗಸ್ಟಿನಲ್ಲಿ ಸಾಧಾರಣವಾಗಿ ಮೂರು ಪಂದ್ಯ ಆಡುತ್ತಾರೆ. ಗೆದ್ದರೂ ಸೋತರೂ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಂತ ಅದು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದುಕೊಳ್ಳಬೇಡಿ. ಆಗ ತಂಡದಲ್ಲಿ ಸುಮಾರು 90 ಜನ ಇರುತ್ತಾರೆ. ತಿಂಗಳು ಮುಗಿಯುವಾಗ 53 ಜನರನ್ನು ಉಳಿಸಿಕೊಂಡು ಮಿಕ್ಕವರನ್ನು ಕಳಿಸಿಬಿಡುತ್ತಾರೆ. ಅದರಲ್ಲಿ ಕೆಲವರನ್ನು ತಾಲೀಮಿಗೆಂದು ಕಡಿಮೆ ಸಂಬಳಕ್ಕೆ ಇಟ್ಟುಕೊಳ್ಳುವುದುಂಟು. ಉಳಿದವರು ಗಂಟುಮೂಟೆ ಕಟ್ಟಬೇಕು. ರಿಸೀವರುಗಳಿಗೆ ಐದೋ ಆರೋ ಜಾಗ, ಬಂದವರು ಹತ್ತು ಹನ್ನೆರಡು ಜನ. ಆ ತಾಯಂದಿರ ಹೊಟ್ಟೆಯಲ್ಲಿ ಏನಾಗುತ್ತಿರಬೇಕು ಹೇಳಿ.

ನನಗೆ ಇದೆಲ್ಲ ಕೇಳಿದಾಗ ನೆನಪಾದದ್ದು ಹೆಣ್ಣು ನೋಡುವ ಶಾಸ್ತ್ರ. ಅರ್ಧ ಗಂಟೆ ಚಾಪೆಯ ಮೇಲೆ ಕೂತು, ಉಪ್ಪಿಟ್ಟು ಕೇಸರಿಭಾತು ತಿಂದು, ಒಂದು ದೇವರನಾಮ ಹಾಡಿಸಿ, ಇವಳು ಮನೆ ತೂಗಿಸುತ್ತಾಳೆ, ಇವಳು ತೂಗಿಸುವುದಿಲ್ಲ ಎಂದು ಹೇಳಿಬಿಡುತ್ತಿದ್ದರು. ಆ ಉಪ್ಪಿಟ್ಟು ಮಾಡಿದ್ದು ಹುಡುಗಿಯಲ್ಲ, ಅವಳ ಅತ್ತಿಗೆ!

ಈಗ ಕೆಲವರ ಕತೆ ಹೇಳುತ್ತೇನೆ, ಎಲ್ಲ ನಡೆದದ್ದೇ.

ನ್ಯೂಜೆರ್ಸಿಯ ಪ್ಯಾಟರ್ಸನ್ ಊರಿನ ಹುಡುಗ ವಿಕ್ಟರ್ ಕ್ರೂಜ್. 2010ರಲ್ಲಿ ತಂಡಗಳೆಲ್ಲ ಕಾಲೇಜಿನ ಹುಡುಗರನ್ನು ಆರಿಸಿಕೊಂಡಾಗ ಇವನನ್ನು ಯಾರೂ ಕರೆಯಲಿಲ್ಲ. ನ್ಯೂಯಾರ್ಕ್ ಜೈಂಟ್ಸ್ ತಂಡದವರು ಆಮೇಲೆ, ಬಂದರೆ ಬರಲಿ ಎಂಬಂತೆ ಸೇರಿಸಿಕೊಂಡರು. ಆ ಆಗಸ್ಟಿನ ಮೊದಲ ತಾಲೀಮು ಪಂದ್ಯ ಅದೇ ಊರಿನ ಜೆಟ್ಸ್ ತಂಡದ ಮೇಲೆ, ಹೊಸದಾಗಿ ಕಟ್ಟಿದ ಕ್ರೀಡಾಂಗಣದಲ್ಲಿ. ಕ್ರೂಜ್ ಆರು ಚೆಂಡು ಹಿಡಿದು 145 ಗಜ ಗಳಿಸಿದ, ಮೂರು ಟಚ್‌ಡೌನ್ ಹೊಡೆದ. ಊರಿಗೆ ಊರೇ ಹುಚ್ಚೆದ್ದಿತು. ಆಮೇಲೆ? ನಿಜವಾದ ಪಂದ್ಯಗಳು ಬಂದವು. ಆ ವರ್ಷ ಅವನು ಹಿಡಿದ ಚೆಂಡು ಸೊನ್ನೆ. ತೊಡೆಯ ಸ್ನಾಯು ಕೈಕೊಟ್ಟು ಕೂತುಬಿಟ್ಟ. ಆಗಸ್ಟಿನ ಆಟ ಸುಳ್ಳು ಅಂತ ಜನ ಅಂದುಕೊಳ್ಳುವ ಹೊತ್ತಿಗೆ ಮರುವರ್ಷ, 2011ರಲ್ಲಿ, ಅದೇ ಹುಡುಗ 82 ಚೆಂಡು ಹಿಡಿದು 1,536 ಗಜ ಓಡಿದ. ತಂಡ ಆ ವರ್ಷದ ಸೂಪರ್ ಬೌಲನ್ನೇ ಗೆದ್ದಿತು. ಟಚ್‌ಡೌನ್ ಹೊಡೆದಾಗಲೆಲ್ಲ ಅಜ್ಜಿ ಕಲಿಸಿದ ಸಾಲ್ಸಾ ಕುಣಿತ ಕುಣಿಯುತ್ತಿದ್ದನಂತೆ. ಈ ಅಜ್ಜಿಯ ಮಾತು ಕೇಳಿದ ಮೇಲೆ ಅವನ ಮೇಲೆ ನನಗೆ ಇನ್ನೂ ಸ್ವಲ್ಪ ಮಮತೆ ಹೆಚ್ಚಿತು, ಇರಲಿ. ಹಾಗಾದರೆ ಆಗಸ್ಟ್ ನಿಜ ಹೇಳಿತೋ ಸುಳ್ಳು ಹೇಳಿತೋ? ನಿಜವನ್ನೇ ಹೇಳಿತು, ಆದರೆ ಯಾವ ವರ್ಷದ್ದು ಅಂತ ಹೇಳಲಿಲ್ಲ.

ಇನ್ನೊಬ್ಬ ಅಕ್ಕನ ಊರಿನವನೇ, ಸಿನ್ಸಿನಾಟಿ ಬೆಂಗಾಲ್ಸ್ ತಂಡದ ಜಮಾರ್ ಚೇಸ್. (ಬೆಂಗಾಲ್ಸ್ ಅಂದರೆ ಬಂಗಾಳಿಗಳಲ್ಲ, ಬಂಗಾಳದ ಹುಲಿ. ಅವರ ತಲೆಯ ಟೊಪ್ಪಿಗೆಗೂ ಹುಲಿಪಟ್ಟೆಯೇ.) 2021ರಲ್ಲಿ ಎಲ್ಲರಿಗಿಂತ ಐದನೆಯವನಾಗಿ ಅವನನ್ನು ಆರಿಸಿಕೊಂಡರು. ಆದರೆ ಆಗಸ್ಟಿನಲ್ಲಿ ನೋಡಿದರೆ ಕೈಗೆ ಬಂದ ಚೆಂಡು ಜಾರಿ ಜಾರಿ ಬೀಳುತ್ತಿತ್ತು. ಒಂದೇ ಪಂದ್ಯದಲ್ಲಿ ಮೂರು ಬಿಟ್ಟ. ಕಾಲೇಜಿನ ಚೆಂಡಿನ ಮೇಲೆ ಬಿಳಿ ಪಟ್ಟೆ ಇರುತ್ತದೆ, ಇದರ ಮೇಲೆ ಇಲ್ಲ, ಬರುವುದು ಕಾಣುವುದಿಲ್ಲ ಎಂದನಂತೆ. ಜನ ನಕ್ಕರು. ಕುಣಿಯಲಾರದವಳು ನೆಲ ಡೊಂಕು ಅಂದಳು ಅನ್ನುತ್ತೇವಲ್ಲ, ಹಾಗೆ. ಅವನು ಹಿಂದಿನ ವರ್ಷ ಕೋವಿಡ್ ಕಾಲದಲ್ಲಿ ಕಾಲೇಜಿನ ಆಟವನ್ನೇ ಬಿಟ್ಟಿದ್ದ, ವರ್ಷಕ್ಕಿಂತ ಹೆಚ್ಚು ಪಂದ್ಯವನ್ನೇ ಆಡಿರಲಿಲ್ಲ ಎನ್ನುವುದನ್ನು ನಗುವವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇನ್ನೊಂದು ವಿಷಯ. ತಂಡದ ಮುಖ್ಯ ಎಸೆಗಾರ ಜೋ ಬರೋ, ಕಾಲೇಜಿನಲ್ಲೂ ಇವನಿಗೆ ಎಸೆಯುತ್ತಿದ್ದವನು, ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದ ಆಗಷ್ಟೇ ಎದ್ದವನು. ಆಗಸ್ಟಿನ ಪಂದ್ಯಗಳಲ್ಲಿ ಅವನು ಆಡಿದ್ದು ಬರೀ ಕೆಲವು ನಿಮಿಷ. ಸೆಪ್ಟೆಂಬರಿನ ಮೊದಲ ನಿಜವಾದ ಪಂದ್ಯದಲ್ಲೇ ಚೇಸ್ 101 ಗಜ ಗಳಿಸಿದ. ಆ ವರ್ಷದ ಮೊತ್ತ 1,455 ಗಜ, 13 ಟಚ್‌ಡೌನ್. ಆ ಸಾಲಿನ ಹೊಸಬರಿಗೆ ಕೊಡುವ ಪ್ರಶಸ್ತಿಯೂ ಅವನಿಗೇ.

ಕಾವಲಿ ಕಾಯದಿದ್ದಾಗ ಹುಯ್ದ ಮೊದಲ ದೋಸೆ ಕಿತ್ತು ಬಂದರೆ ನೀವು ಹಿಟ್ಟನ್ನು ಚೆಲ್ಲುತ್ತೀರಾ?

ಮೂರನೆಯವನ ಕತೆ ಇನ್ನೂ ಸ್ವಾರಸ್ಯ. ಆಗ ಲಾಸ್ ಏಂಜಲಿಸ್ ರಾಮ್ಸ್ ತಂಡದಲ್ಲಿದ್ದ ಕೂಪರ್ ಕಪ್. ಅದೇ 2021ರ ಆಗಸ್ಟಿನಲ್ಲಿ ಅವನು ಒಂದು ಪಂದ್ಯವನ್ನೂ ಆಡಲಿಲ್ಲ. ಆ ತಂಡದ ತರಬೇತುದಾರ ತನ್ನ ಮುಖ್ಯ ಆಟಗಾರರನ್ನು ತಾಲೀಮು ಪಂದ್ಯಕ್ಕೆ ಇಳಿಸುವುದೇ ಇಲ್ಲ. ನೋಡುವುದಕ್ಕೇ ಏನೂ ಇಲ್ಲದ ಈ ಮನುಷ್ಯ ಆ ವರ್ಷ 145 ಚೆಂಡು ಹಿಡಿದು 1,947 ಗಜ ಗಳಿಸಿದ. ಹಿಡಿದದ್ದರಲ್ಲಿ, ಗಜದಲ್ಲಿ, ಟಚ್‌ಡೌನಿನಲ್ಲಿ, ಮೂರರಲ್ಲೂ ದೇಶಕ್ಕೇ ಮೊದಲು. 2022ರ ಫೆಬ್ರುವರಿಯ ಅಂತಿಮ ಪಂದ್ಯದಲ್ಲಿ ಎದುರುಬದುರಾದವರು ಯಾರು ಗೊತ್ತೆ? ಆಗಸ್ಟಿನಲ್ಲಿ ಚೆಂಡು ಬಿಟ್ಟ ಚೇಸನ ತಂಡ, ಆಗಸ್ಟಿನಲ್ಲಿ ಆಡದೇ ಇದ್ದ ಕಪ್ಪನ ತಂಡ. ಕಪ್ಪನ ತಂಡ 23ಕ್ಕೆ 20ರಿಂದ ಗೆದ್ದಿತು.

ಯಾಕೆ ಆಡಿಸುವುದಿಲ್ಲ ಅಂತೀರೋ? ಜಾರ್ಡಿ ನೆಲ್ಸನ್ ಎಂಬವನು 2014ರಲ್ಲಿ 1,519 ಗಜ ಗಳಿಸಿದ್ದ. 2015ರ ಆಗಸ್ಟಿನ ಒಂದು ತಾಲೀಮು ಪಂದ್ಯದಲ್ಲಿ, ಯಾರೂ ಬಲವಾಗಿ ಹೊಡೆಯದೆಯೇ, ಮೊಣಕಾಲಿನ ಒಳಗಿನ ನಾರು ಹರಿದುಕೊಂಡ. ಇಡೀ ವರ್ಷ ಹೋಯಿತು.

ಇಷ್ಟನ್ನೂ ನನಗೆ ಪಾಠ ಮಾಡಿದವನು ಅಕ್ಕನ ಮಗ. ಹದಿನಾರು ವರ್ಷ, ತೆಳ್ಳಗೆ ಬೆಳೆದ ಬಾಳೆಗಿಡದ ಹಾಗಿದ್ದಾನೆ. ಅವನೂ ಶಾಲೆಯ ತಂಡದಲ್ಲಿ ರಿಸೀವರನೇ. ಊರಿನ ಶಾಲೆಗಳಲ್ಲೂ ಇದೇ ಪದ್ಧತಿ, ಮೊದಲು ಅಕ್ಕಪಕ್ಕದ ಶಾಲೆಯವರೊಡನೆ ತಾಲೀಮು ಪಂದ್ಯ. ಅಂಥ ಒಂದು ಸಂಜೆ ಇವನು ನಾಲ್ಕು ಚೆಂಡು ಹಿಡಿದು ಎರಡು ಟಚ್‌ಡೌನ್ ಹೊಡೆದ. ಮನೆಗೆ ಬರುವಷ್ಟರಲ್ಲಿ ಭಾವನವರು ಹತ್ತು ಜನಕ್ಕೆ ಫೋನ್ ಮಾಡಿ ಆಗಿತ್ತು. ಅವರೆಲ್ಲ ಹೊಗಳಿದ್ದೇ ಹೊಗಳಿದ್ದು. ರಾತ್ರಿ ಊಟಕ್ಕೆ ಕೂತಾಗ ಹುಡುಗ, "ಅಮ್ಮಾ, ಸಂಜೆಯ ಗಣಿತದ ಕ್ಲಾಸು ಬಿಡ್ತೀನಿ. ಚೆನ್ನಾಗಿ ಆಡಿದರೆ ಕಾಲೇಜಿನವರೇ ಫೀಸಿಲ್ಲದೆ ಕರೀತಾರೆ," ಅಂದ. ಅಕ್ಕನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. ಆ ದೇಶದಲ್ಲಿ ಕಾಲೇಜಿನ ಖರ್ಚು ನೆನೆಸಿಕೊಂಡರೆ ಯಾರಿಗೂ ಆಸೆಯಾಗುತ್ತದೆ. ಆದರೆ ಹನ್ನೊಂದನೆಯ ಇಯತ್ತೆಯಲ್ಲಿ ಗಣಿತ ಕೈಬಿಟ್ಟರೆ ಮತ್ತೆ ಹಿಡಿಯುವುದು ಕಷ್ಟ. ಭಾವನವರು ಮಾತಾಡಲಿಲ್ಲ. ಅಕ್ಕ ನನ್ನ ಕಡೆ ತಿರುಗಿ, "ನೀನೂ ಬಂದಿದ್ದೆಯಲ್ಲ ಕಣೇ ಆಟಕ್ಕೆ, ನೀನೇ ಹೇಳು," ಅಂದಳು.

ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಆಟ ಕಲಿಯಲಿ ಅಂತ ಅವನೇ ಕೊಟ್ಟದ್ದು. ಹಾಲಿನ ಲೆಕ್ಕ ಬರೆಯುವ ಹಾಗೆ ನಾನು ಪ್ರತಿ ಆಟಕ್ಕೂ ಗೆರೆ ಎಳೆದು ಬರೆದಿದ್ದೆ: ಇವನು ಯಾವಾಗ ಒಳಗೆ ಹೋದ, ಎಸೆದವನ ಅಂಗಿಯ ಸಂಖ್ಯೆ ಎಷ್ಟು, ಇವನ ಬೆನ್ನಿಗಿದ್ದವನದು ಎಷ್ಟು. ಅದನ್ನು ತಟ್ಟೆಯ ಪಕ್ಕ ಇಟ್ಟೆ.

"ನೋಡು ಪುಟ್ಟಾ, ನೀನು ಹಿಡಿದ ನಾಲ್ಕೂ ಕೊನೆಯ ಅರ್ಧದಲ್ಲಿ. ಆಗ ಎದುರಿನ ದೊಡ್ಡ ಹುಡುಗರೆಲ್ಲ ಟೊಪ್ಪಿಗೆ ತೆಗೆದು ಬೆಂಚಿನ ಮೇಲೆ ನೀರು ಕುಡೀತಾ ಕೂತಿದ್ದರು. ನಿನ್ನ ಹಿಂದೆ ಓಡಿದವನು ನಾಲ್ಕು ಸಲವೂ ಒಬ್ಬನೇ, ಒಂಬತ್ತನೆಯ ಇಯತ್ತೆಯ ಮಗು. ಎಸೆದವನು ನಿಮ್ಮ ಮುಖ್ಯ ಎಸೆಗಾರ ಅಲ್ಲ, ನಿನ್ನ ಸ್ನೇಹಿತ. ಅವನು ಬೇರೆ ಯಾರನ್ನೂ ನೋಡಲೇ ಇಲ್ಲ."

ಹುಡುಗನ ಮುಖ ಸಣ್ಣಗಾಯಿತು. ಭಾವನವರು ಮೊಸರು ಬಡಿಸಿಕೊಳ್ಳುವ ನೆವದಲ್ಲಿ ತಲೆ ತಗ್ಗಿಸಿದರು. ಆದರೆ ನನ್ನ ಲೆಕ್ಕ ಅಷ್ಟಕ್ಕೇ ಮುಗಿದಿರಲಿಲ್ಲ. ಬರೀ ಕಳೆಯುವುದನ್ನೇ ಬರೆದಿಟ್ಟರೆ ಅದು ಲೆಕ್ಕವಲ್ಲ, ಕೊಂಕು. ಮೊದಲರ್ಧದಲ್ಲಿ ಅವನನ್ನು ದೊಡ್ಡ ಹುಡುಗರ ಜೊತೆ ಎಂಟು ಸಲ ಒಳಗೆ ಕಳಿಸಿದ್ದರು. ಒಂದು ಚೆಂಡೂ ಬರಲಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ಎರಡು ಸಲ ಅವನು ಎದುರಿನ ಮೊದಲನೇ ದರ್ಜೆಯ ಹುಡುಗನನ್ನು ಮೂರು ಹೆಜ್ಜೆ ಹಿಂದೆ ಹಾಕಿ ಒಬ್ಬನೇ ನಿಂತಿದ್ದ. ಎಸೆಯುವವನು ಇನ್ನೊಂದು ಕಡೆ ಎಸೆದ, ಅಷ್ಟೆ. ನನ್ನನ್ನು ಕೇಳಿದರೆ ಆ ನಾಲ್ಕು ಹಿಡಿತಕ್ಕಿಂತ ಈ ಎರಡು ಓಟಕ್ಕೇ ತೂಕ ಹೆಚ್ಚು.

"ಅದನ್ನೂ ಬರೆದಿದ್ದೀಯಾ ಚಿಕ್ಕಮ್ಮಾ?" ಅಂತ ನೋಟ್‌ಬುಕ್ ಎಳೆದುಕೊಂಡ. ಎಂಜಲು ಕೈ ಅಂತ ಅಕ್ಕ ಗದರಿದಳು.

ನಿಮ್ಮ ಮಕ್ಕಳೂ ಯಾವುದೋ ಆಟ, ಯಾವುದೋ ಸ್ಪರ್ಧೆ ಅಂತ ಹೋಗುತ್ತಾರಲ್ಲ, ಅದಕ್ಕೆ ಹೇಳುತ್ತೇನೆ. ರಿಸೀವರನ ವಿಷಯದಲ್ಲಿ ತಿಳಿದವರು ಆಗಸ್ಟಿನಲ್ಲಿ ಎಷ್ಟು ಗಜ ಅಂತ ಕೇಳುವುದಿಲ್ಲ, ಯಾರ ಜೊತೆ ಒಳಗೆ ಹೋದ ಅಂತ ಕೇಳುತ್ತಾರೆ. ಮುಖ್ಯ ಎಸೆಗಾರನ ಜೊತೆ ನಾಲ್ಕು ಆಟ ಆಡಿ, ಬೆನ್ನು ತಟ್ಟಿಸಿಕೊಂಡು ಹೊರಗೆ ಬಂದು ಕೂತವನ ಜಾಗ ಗಟ್ಟಿ. ಕೊನೆಯ ಹತ್ತು ನಿಮಿಷದವರೆಗೂ ಬೆವರು ಸುರಿಸಿ ಆಡುತ್ತಿರುವವನ ಜಾಗ ಇನ್ನೂ ಯೋಚನೆಯಲ್ಲಿದೆ ಅಂತ ಅರ್ಥ. ಹೆಚ್ಚು ಆಡಿದವನೇ ಹೆಚ್ಚಿನವನು ಅಂತ ನಾವು ತಿಳಿಯುತ್ತೇವೆ, ಅಲ್ಲಿ ಲೆಕ್ಕ ತಿರುಗುಮುರುಗು. ಎಷ್ಟು ಹಿಡಿದ ಅನ್ನುವುದಕ್ಕಿಂತ ಎಷ್ಟು ಸಲ ಅವನ ಕಡೆಗೆ ಎಸೆದರು ಎನ್ನುವುದು ಹೆಚ್ಚು ಹೇಳುತ್ತದೆ, ಏಕೆಂದರೆ ಅದರಲ್ಲಿ ಎಸೆಯುವವನ ನಂಬಿಕೆ ಕಾಣುತ್ತದೆ. ಐದನೆಯ, ಆರನೆಯ ಜಾಗಕ್ಕೆ ಬಂದವನಾದರೆ ಚೆಂಡು ಒದೆಯುವಾಗ ಓಡುವ ಕೂಲಿ ಕೆಲಸಕ್ಕೆ ಅವನನ್ನು ಕಳಿಸುತ್ತಾರೋ ನೋಡಬೇಕು. ಉಳಿಯುವ ಹುಡುಗರು ಬಹಳ ಮಂದಿ ಆ ಕೆಲಸದಿಂದಲೇ ಉಳಿಯುತ್ತಾರೆ. ತರಬೇತುದಾರರು ತಮ್ಮ ಒಳ್ಳೆಯ ತಂತ್ರಗಳನ್ನು ಆಗಸ್ಟಿನಲ್ಲಿ ಹೊರಗೆ ತೆಗೆಯುವುದೂ ಇಲ್ಲ. ನಾವು ಒಳ್ಳೆಯ ಸೀರೆಯನ್ನು ಮದುವೆಯ ದಿನಕ್ಕೆ ಅಂತ ಪೆಟ್ಟಿಗೆಯಲ್ಲಿಡುವ ಹಾಗೆ.

ಗಣಿತದ ಕ್ಲಾಸು ನಿಲ್ಲಲಿಲ್ಲ. ಸಂಜೆಯದನ್ನು ಶನಿವಾರ ಬೆಳಿಗ್ಗೆಗೆ ಹಾಕಿಸಿದರು, ಹುಡುಗ ಎರಡು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಸರಿಹೋದ. ಪಂದ್ಯಗಳು ಶುರುವಾದವು. ಮೊದಲ ನಾಲ್ಕು ಶುಕ್ರವಾರ ಅವನಿಗೆ ಸಿಕ್ಕಿದ್ದು ಒದೆತದ ಹಿಂದೆ ಓಡುವ ಕೆಲಸ ಮಾತ್ರ. ನಾನೂ ಅಕ್ಕನೂ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಅವಲಕ್ಕಿ ಒಗ್ಗರಣೆ ಕಟ್ಟಿಕೊಂಡು ಹೋಗಿ ಕೂರುತ್ತಿದ್ದೆವು. ಐದನೆಯ ಶುಕ್ರವಾರದ ಹೊತ್ತಿಗೆ ನಾನು ವಿಮಾನ ಹತ್ತಿ ಆಗಿತ್ತು.

ಊರಿಗೆ ಬಂದು ಎರಡನೇ ದಿನ, ನಿದ್ದೆ ಹೊತ್ತುಗೊತ್ತಿಲ್ಲದೆ ಬರುತ್ತಿದ್ದಾಗ, ಬೆಳಗಿನ ಜಾವ ಫೋನು ಬಂತು. "ಚಿಕ್ಕಮ್ಮಾ, ಎರಡು ಹಿಡಿದೆ. ಹತ್ತೊಂಬತ್ತು ಗಜ. ಬರೆದುಕೋ."

"ಎಸೆದವನು ಯಾರೋ?" ಅಂದೆ.

"ಮುಖ್ಯದವನೇ. ಬೆನ್ನಿಗಿದ್ದವನೂ ಮೊದಲನೇ ದರ್ಜೆಯವನೇ," ಅಂದ. ಸ್ವಲ್ಪ ತಡೆದು, "ಒಂದು ಬಿಟ್ಟೆ ಕೂಡ," ಅಂತ ಸೇರಿಸಿದ. ಅದನ್ನೂ ಬರೆದುಕೊಂಡೆ.